ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಹೊಸದರ ಜೊತೆಗೆ ಹಾಕಿದರೆ ಪ್ರಯೋಜನವಿದೆಯೇ?

ಹೊಸ ಗ್ರಾಫಿಕ್ಸ್ ಕಾರ್ಡ್ ಬಂದ ಮೇಲೆ ಹಳೆಯದು ಡಬ್ಬಿ ಸೇರುತ್ತದೆ. ಅದೇನೂ ಕೆಟ್ಟಿಲ್ಲ. ಮದರ್‌ಬೋರ್ಡಿನಲ್ಲಿ ಇನ್ನೊಂದು ಉದ್ದನೆಯ ಸ್ಲಾಟ್ ಖಾಲಿಯೂ ಇದೆ. ಇದನ್ನೂ ಅಲ್ಲಿ ಕೂರಿಸಿಬಿಟ್ಟರೆ ಕಂಪ್ಯೂಟರ್ ಇನ್ನಷ್ಟು ಚುರುಕಾಗುವುದಿಲ್ಲವೇ? ಇದೇ ಪ್ರಶ್ನೆಯನ್ನು ಇನ್ನು ಕೆಲವರು ಬೇರೆ ಥರ ಕೇಳುತ್ತಾರೆ: ನನ್ನ ಬಳಿ ಇರುವಂಥದೇ ಇನ್ನೊಂದು ಹಳೆಯ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಹೊಸದಕ್ಕೆ ದುಡ್ಡು ಹಾಕುವ ಬದಲು ಅದನ್ನೇ ತಂದು ಜೋಡಿ ಮಾಡಲೇ?

ಗೇಮ್ ಆಡುವುದಕ್ಕಾಗಿ ಎಂದಾದರೆ ಬೇಡ. ಪ್ರಶ್ನೆಗಳಿಗೆ ಉತ್ತರ ಬರೆಯುವ ಎಐ ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಓಡಿಸಲು, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡಲು (ಅಂತಿಮ ಚಿತ್ರ ತಯಾರಿಸಲು), ವರ್ಚುವಲ್ ಮಷೀನಿಗೆ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರಿಗೆ) ಪ್ರತ್ಯೇಕ ಕಾರ್ಡ್ ಕೊಡಲು ಎಂದಾದರೆ ಗಂಭೀರವಾಗಿ ಯೋಚಿಸಬಹುದು. ಅದೇ ಎರಡು ಕಾರ್ಡುಗಳು ಒಂದು ಕಡೆ ವ್ಯರ್ಥ, ಇನ್ನೊಂದು ಕಡೆ ಉಪಯುಕ್ತ ಆಗುವುದು ಹೇಗೆ? ಎರಡರ ಶಕ್ತಿಯನ್ನು ಕೂಡಿಸಿ ನೋಡಿದರೆ ಇದು ಅರ್ಥವಾಗುವುದಿಲ್ಲ. ಕೆಲಸ ಎರಡು ಪಾಲಾಗುವಂಥದ್ದೇ, ಆಗುವುದಾದರೆ ಪಾಲು ಮಾಡಿಕೊಡುವ ಸಾಫ್ಟ್‌ವೇರ್ ಇದೆಯೇ ಎಂದು ನೋಡಬೇಕು.

ಗೇಮ್‌ಗಳಲ್ಲಿ ಏಕೆ ಆಗುವುದಿಲ್ಲ

ಒಂದು ಕಾಲಕ್ಕೆ ಆಗುತ್ತಿತ್ತು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳನ್ನು ಎರಡೆರಡಾಗಿ ಜೋಡಿಸಬಹುದಿತ್ತು. ಪರದೆಯ ಬೆಸ ಸಾಲುಗಳನ್ನು ಒಂದು ಕಾರ್ಡ್, ಸರಿ ಸಾಲುಗಳನ್ನು ಇನ್ನೊಂದು ಬಿಡಿಸುತ್ತಿತ್ತು. ಅಂದಿನ ಚಿತ್ರಗಳು ಸರಳವಾಗಿದ್ದವು. ಒಂದು ಸಾಲನ್ನು ಬಿಡಿಸುವಾಗ ಪಕ್ಕದ ಸಾಲಿನಲ್ಲಿ ಏನಿದೆ ಎಂದು ತಿಳಿಯುವ ಅಗತ್ಯ ಇರಲಿಲ್ಲವಾದ್ದರಿಂದ ಹಂಚಿಕೆ ಸುಲಭವಾಗಿತ್ತು. ಆಮೇಲೆ 3ಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಕಾರ್ಡುಗಳನ್ನು ಜೋಡಿಸುವ ಎಸ್‌ಎಲ್‌ಐ ತಂದಿತು. ಮರುವರ್ಷ ಎಟಿಐ (ನಂತರ ಎಎಂಡಿ ಇದನ್ನು ಕೊಂಡಿತು) ಅಂಥದೇ ಕ್ರಾಸ್‌ಫೈರ್ ತಂದಿತು. ಅಷ್ಟು ಹೊತ್ತಿಗೆ ಚಿತ್ರಗಳು ಸಾಕಷ್ಟು ಸಂಕೀರ್ಣವಾಗಿದ್ದವು. ನೆರಳು, ಪ್ರತಿಬಿಂಬ, ಮಸುಕು ಇವೆಲ್ಲ ಇಡೀ ಚಿತ್ರವನ್ನು ನೋಡಿ ಲೆಕ್ಕ ಹಾಕುವಂಥವು. ಸಾಲು ಸಾಲಾಗಿ ಹರಿದು ಹಂಚುವುದು ಕಷ್ಟವಾದಾಗ ಡ್ರೈವರ್‌ಗಳು (ಕಾರ್ಡನ್ನು ನಡೆಸುವ ತಂತ್ರಾಂಶಗಳು) ಹೆಚ್ಚಾಗಿ ಹಿಡಿದ ದಾರಿ, ಒಂದು ಫ್ರೇಮ್ (ಪರದೆಯ ಒಂದು ಪೂರ್ಣ ಚಿತ್ರ) ನಿನಗೆ, ಮುಂದಿನದು ಅವನಿಗೆ ಎಂಬ ಸರದಿ.

ಸರದಿಯ ಈ ವ್ಯವಸ್ಥೆಯಲ್ಲಿ ಅಸಮಾನ ಕಾರ್ಡುಗಳು ಏನಾಗುತ್ತವೆ ನೋಡೋಣ. ಹೊಸ ಕಾರ್ಡ್ ಒಂದು ಫ್ರೇಮನ್ನು 10 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ, ಹಳೆಯದಕ್ಕೆ 25 ಬೇಕು ಎಂದುಕೊಳ್ಳಿ. ಹೊಸದೊಂದೇ ಇದ್ದರೆ ಸೆಕೆಂಡಿಗೆ 100 ಫ್ರೇಮ್. ಸರದಿಗೆ ಹಾಕಿದರೆ ಹೊಸದು ತನ್ನ ಪಾಲು ಮುಗಿಸಿ ಹಳೆಯದಕ್ಕಾಗಿ ಕಾಯಬೇಕು. ಪ್ರತಿ 25 ಮಿಲಿಸೆಕೆಂಡಿಗೆ ಎರಡೇ ಫ್ರೇಮ್, ಅಂದರೆ ಸೆಕೆಂಡಿಗೆ 80. ಎರಡನೇ ಕಾರ್ಡ್ ಸೇರಿಸಿದ್ದಕ್ಕೆ ವೇಗ ಇಳಿಯಿತು! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಎಸ್‌ಎಲ್‌ಐ ಒಂದೇ ಮಾದರಿಯ ಚಿಪ್ ಇರುವ ಕಾರ್ಡುಗಳನ್ನು ಮಾತ್ರ ಒಪ್ಪುತ್ತಿತ್ತು, ಕ್ರಾಸ್‌ಫೈರ್ ಕೂಡ ಒಂದೇ ಕುಟುಂಬದ ಚಿಪ್‌ಗಳ ಆಚೆ ಹೋಗುತ್ತಿರಲಿಲ್ಲ. ಹಾಗಾಗಿ ಹೊಸದಕ್ಕೆ ಹಳೆಯದನ್ನು ಹೀಗೆ ಕಟ್ಟುವ ಅವಕಾಶ ಆ ತಂತ್ರಜ್ಞಾನಗಳ ಉಚ್ಛ್ರಾಯ ಕಾಲದಲ್ಲೂ ಇರಲಿಲ್ಲ.

ಎರಡೂ ಒಂದೇ ಮಾದರಿ ಆದರೂ ಕಾಟ ತಪ್ಪಿದ್ದಲ್ಲ. ಸೆಕೆಂಡಿಗೆ 60 ಫ್ರೇಮ್ ಅಂದರೆ ಸರಾಸರಿ 16.7 ಮಿಲಿಸೆಕೆಂಡಿಗೆ ಒಂದು. ಆದರೆ ಇಬ್ಬರ ಸರದಿಯಲ್ಲಿ ಒಂದು ಫ್ರೇಮ್ 8 ಮಿಲಿಸೆಕೆಂಡಿಗೇ ಬಂದು ಮುಂದಿನದು 25ಕ್ಕೆ ಬಂದರೂ ಸರಾಸರಿ ಹೆಚ್ಚುಕಡಿಮೆ ಅಷ್ಟೇ. ಪರದೆಯ ಮೂಲೆಯ ಅಂಕಿ 60 ಎನ್ನುತ್ತದೆ. ಕಣ್ಣಿಗೆ ಕಾಣುವುದು ಮಾತ್ರ 40ರ ಆಸುಪಾಸಿನ ತಡವರಿಕೆ. ಇದನ್ನೇ ಮೈಕ್ರೋಸ್ಟಟರ್ ಎಂದು ಕರೆದರು. ವರ್ಷಗಟ್ಟಲೆ ದೂರು ಕೇಳಿಬಂದ ಮೇಲೆ ಎಎಂಡಿ 2013ರಲ್ಲಿ ಫ್ರೇಮ್‌ಗಳ ನಡುವಿನ ಅಂತರ ಸರಿಪಡಿಸಲೆಂದೇ ಒಂದು ಡ್ರೈವರ್ ಬಿಡುಗಡೆ ಮಾಡಬೇಕಾಯಿತು.

ಮೆಮೊರಿಯ ವಿಷಯದಲ್ಲಿ ಬಹಳ ಜನರಿಗೆ ತಪ್ಪು ಕಲ್ಪನೆ ಇದೆ. 8 ಜಿಬಿಯ ಎರಡು ಕಾರ್ಡ್ ಹಾಕಿದರೆ ಗೇಮ್‌ಗೆ 16 ಜಿಬಿ ಸಿಗುವುದಿಲ್ಲ. ಪ್ರತಿ ಕಾರ್ಡೂ ಪೂರ್ಣ ಫ್ರೇಮ್ ಬಿಡಿಸಬೇಕಾದ್ದರಿಂದ ಅದೇ ದೃಶ್ಯ, ಅದೇ ಟೆಕ್ಸ್ಚರ್‌ಗಳ (ವಸ್ತುಗಳ ಮೇಲ್ಮೈ ಚಿತ್ರಗಳ) ಪ್ರತಿ ಎರಡರಲ್ಲೂ ಇರಬೇಕು. ಸಿಗುವುದು 8 ಜಿಬಿಯೇ. ಇಂದಿನ ಗೇಮ್‌ಗಳಲ್ಲಿ ಹಳೆಯ ಕಾರ್ಡ್ ಮೊದಲು ಸೋಲುವುದು ಮೆಮೊರಿ ಸಾಲದೆ. ಆ ಕೊರತೆ ಜೋಡಿ ಹಾಕಿದರೂ ಹಾಗೇ ಉಳಿಯುತ್ತದೆ.

ಕೊನೆಯ ಪೆಟ್ಟು ಬಿದ್ದದ್ದು ಚಿತ್ರ ಬಿಡಿಸುವ ವಿಧಾನವೇ ಬದಲಾದಾಗ. ಈಗಿನ ಅಂಚು ನಯಗೊಳಿಸುವ ತಂತ್ರಗಳು, ಡಿಎಲ್‌ಎಸ್‌ಎಸ್‌ನಂಥ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರವನ್ನು ದೊಡ್ಡದಾಗಿಸುವ ತಂತ್ರ), ಎಲ್ಲವೂ ಹಿಂದಿನ ಫ್ರೇಮುಗಳನ್ನು ನೋಡಿ ಈಗಿನದನ್ನು ತಿದ್ದುತ್ತವೆ. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡಿನಲ್ಲಿ ಇದ್ದರೆ? ಪ್ರತಿ ಬಾರಿ ಅಲ್ಲಿಂದ ತರಿಸಿಕೊಳ್ಳಬೇಕು, ಅದು ಮುಗಿಯುವವರೆಗೆ ಕಾಯಬೇಕು. ಸರದಿಯಿಂದ ಬಂದ ಲಾಭವೆಲ್ಲ ಆ ಕಾಯುವಿಕೆಯಲ್ಲೇ ಕರಗಿಹೋಗುತ್ತದೆ.

2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 (ಗೇಮ್‌ಗಳು ಕಾರ್ಡನ್ನು ಬಳಸಲು ವಿಂಡೋಸ್‌ನಲ್ಲಿರುವ ವ್ಯವಸ್ಥೆ) ಹಂಚಿಕೆಯ ಹೊಣೆಯನ್ನು ಡ್ರೈವರ್‌ನಿಂದ ತೆಗೆದು ಗೇಮ್ ಬರೆಯುವವರ ಕೈಗೆ ಕೊಟ್ಟಿತು. ಬೇರೆ ಬೇರೆ ಕಂಪನಿಯ ಕಾರ್ಡುಗಳನ್ನೂ ಒಟ್ಟಿಗೆ ದುಡಿಸಲು ಅದರಲ್ಲಿ ದಾರಿ ಇದೆ. 2016ರ ‘ಆ್ಯಷಸ್ ಆಫ್ ದ ಸಿಂಗ್ಯುಲಾರಿಟಿ’ ಎಂಬ ಗೇಮ್ ಎನ್‌ವಿಡಿಯಾ ಮತ್ತು ಎಎಂಡಿ ಕಾರ್ಡುಗಳನ್ನು ಒಟ್ಟಿಗೆ ಓಡಿಸಿ ತೋರಿಸಿತು ಕೂಡ. ಆದರೆ ಎರಡು ಕಾರ್ಡ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಅವರಿಗಾಗಿ ತಿಂಗಳುಗಟ್ಟಲೆ ಕೋಡ್ ಬರೆದು ಪರೀಕ್ಷಿಸುವ ಸ್ಟುಡಿಯೋಗಳು ಎಲ್ಲಿವೆ? ಎನ್‌ವಿಡಿಯಾ 2021ರ ಜನವರಿಯಿಂದ ಡ್ರೈವರ್‌ಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಗೇಮ್‌ಗೆ ಬೇಕಾದ ಹೊಂದಾಣಿಕೆ) ಸೇರಿಸುವುದನ್ನೇ ನಿಲ್ಲಿಸಿತು. ಆರ್‌ಟಿಎಕ್ಸ್ 30 ಸರಣಿಯ ಆರಂಭದ ಕಾರ್ಡುಗಳಲ್ಲಿ 3090ಕ್ಕೆ ಮಾತ್ರ ಜೋಡಿಸುವ ಕನೆಕ್ಟರ್ ಇತ್ತು. 2022ರ 4090ರಲ್ಲಿ ಅದೂ ಇಲ್ಲ. ಹೀಗಾಗಿ ಎರಡು ಜಿಟಿಎಕ್ಸ್ 1080 ಜೋಡಿಸಿದವರಿಗೆ ಹಳೆಯ ಕೆಲವು ಗೇಮ್‌ಗಳಲ್ಲಿ ಖುಷಿ ಸಿಗಬಹುದು, ಹೊಸವುಗಳಲ್ಲಿ ಒಂದು ಕಾರ್ಡ್ ಬಿಸಿಯಾಗುತ್ತಿದ್ದರೆ ಇನ್ನೊಂದು ಸುಮ್ಮನೆ ಕೂತಿರುತ್ತದೆ.

ಎರಡು ಸಣ್ಣ ಅಪವಾದಗಳಿವೆ. ಒಂದು ಫಿಸ್‌ಎಕ್ಸ್. ಹೊಗೆ, ಬಟ್ಟೆ, ಚೂರುಚೂರಾಗುವ ಗಾಜು ಇಂಥವನ್ನು ಲೆಕ್ಕ ಹಾಕುವ ಈ ವ್ಯವಸ್ಥೆ 2008ರಿಂದ ಎನ್‌ವಿಡಿಯಾದ ಕೈಯಲ್ಲಿದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿ 32 ಬಿಟ್ ಕುಡಾ (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ವ್ಯವಸ್ಥೆ) ಬೆಂಬಲ ಕೈಬಿಟ್ಟಾಗ ಹಳೆಯ ಗೇಮ್‌ಗಳ ಫಿಸ್‌ಎಕ್ಸ್ ಲೆಕ್ಕವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಅವು ಕುಂಟತೊಡಗಿದವು. ಆಗ ಹಲವರು ಒಂದು ಸಣ್ಣ ಹಳೆಯ ಜಿಫೋರ್ಸ್ ಕಾರ್ಡನ್ನು ಅದೊಂದಕ್ಕೇ ಮೀಸಲಿಟ್ಟರು. ಅದು ನಿಜಕ್ಕೂ ಕೆಲಸ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಯ್ದ ಕೆಲವು ಗೇಮ್‌ಗಳಿಗೆ ಆ ಬೆಂಬಲವನ್ನು ಡ್ರೈವರ್ ಮೂಲಕ ಮರಳಿ ಕೊಟ್ಟಿದ್ದರಿಂದ ಈಗ ಆ ಅಗತ್ಯ ಬಹಳ ಕಡಿಮೆಯಾಗಿದೆ.

ಇನ್ನೊಂದು ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶ. ಹೊಸ ಕಾರ್ಡ್ ಗೇಮ್ ಓಡಿಸುತ್ತದೆ, ಅದರ ಫ್ರೇಮುಗಳ ನಡುವೆ ಹೆಚ್ಚುವರಿ ಫ್ರೇಮುಗಳನ್ನು ಹಳೆಯ ಕಾರ್ಡ್ ಹೆಣೆಯುತ್ತದೆ. ಇಲ್ಲಿ ಎರಡೂ ಕಾರ್ಡುಗಳ ಕೆಲಸ ಬೇರೆ ಬೇರೆಯಾದ್ದರಿಂದ ಅಸಮಾನತೆ ಅಡ್ಡಬರುವುದಿಲ್ಲ, ಕಂಪನಿ ಬೇರೆಯಾದರೂ ನಡೆಯುತ್ತದೆ. ಮಾನಿಟರ್‌ನ ಕೇಬಲ್ಲನ್ನು ಹಳೆಯ ಕಾರ್ಡಿಗೆ ಹಾಕಬೇಕು. ಆದರೆ ಪ್ರತಿ ಫ್ರೇಮೂ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸಾಗಬೇಕಲ್ಲ? 4ಕೆ ಚಿತ್ರ ಒಂದಕ್ಕೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 33 ಎಂಬಿ. ಸೆಕೆಂಡಿಗೆ 60 ಎಂದರೆ 2 ಜಿಬಿ, 120 ಎಂದರೆ 4 ಜಿಬಿ. ಎರಡನೇ ಸ್ಲಾಟ್ ಪಿಸಿಐಇ 3.0ರ ನಾಲ್ಕು ಲೇನಿನದಾದರೆ (ಲೇನ್ ಅಂದರೆ ಸ್ಲಾಟಿನಲ್ಲಿ ಮಾಹಿತಿ ಸಾಗುವ ದಾರಿ) ಅದರ ಗರಿಷ್ಠ ಸಾಮರ್ಥ್ಯವೇ ಸುಮಾರು 4 ಜಿಬಿ. ಗೇಮ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಇದ್ದವರು ಅದನ್ನು 120 ಆಗಿ ಕಾಣಲು ಇದು ಸಾಕು, 120 ಇದ್ದವರಿಗೆ ಸಾಲದು. ಜೊತೆಗೆ, ಹೆಣೆದ ಫ್ರೇಮುಗಳು ಕಣ್ಣಿಗೆ ನಯ ಕೊಡುತ್ತವೆಯೇ ಹೊರತು ಮೌಸ್‌ನ ಪ್ರತಿಕ್ರಿಯೆಯನ್ನು ಚುರುಕು ಮಾಡುವುದಿಲ್ಲ. ನಿಧಾನಗತಿಯ ಗೇಮ್‌ಗಳಿಗೆ ಚೆನ್ನ, ಸ್ಪರ್ಧಾತ್ಮಕ ಶೂಟರ್‌ಗಳಿಗೆ ಅಲ್ಲ.

ಮೆಮೊರಿ ನಿಜಕ್ಕೂ ಕೂಡುವ ಜಾಗ

ಗೇಮ್‌ಗಳಲ್ಲಿ ಕೂಡದ ಮೆಮೊರಿ ಭಾಷಾ ಮಾದರಿಗಳಲ್ಲಿ ಕೂಡುತ್ತದೆ. ಹಳೆಯ ಕಾರ್ಡಿಗೆ ಮರುಜೀವ ಬಂದಿರುವುದು ಇಲ್ಲೇ.

ಭಾಷಾ ಮಾದರಿ ಒಂದರ ಮೇಲೊಂದು ಪೇರಿಸಿದ ಪದರಗಳಿಂದ ಆಗಿದೆ. ಪ್ರತಿ ಟೋಕನ್ (ಒಂದು ಪದ ಅಥವಾ ಪದದ ತುಣುಕು) ಉತ್ಪಾದಿಸುವಾಗಲೂ ಎಲ್ಲ ಪದರಗಳನ್ನು ಕ್ರಮವಾಗಿ ಹಾದುಹೋಗಬೇಕು. ಪದರಗಳು ಕ್ರಮವಾಗಿ ಬರುವುದರಿಂದಲೇ ಮೊದಲ ಅರ್ಧವನ್ನು ಒಂದು ಕಾರ್ಡಿನಲ್ಲಿ, ಉಳಿದರ್ಧವನ್ನು ಇನ್ನೊಂದರಲ್ಲಿ ಇಡಬಹುದು. ಎರಡೂ ಕಡೆ ಪ್ರತಿ ಇಡಬೇಕಾಗಿಲ್ಲ. ನಡುವೆ ದಾಟಬೇಕಾದದ್ದು ಟೋಕನ್‌ಗೆ ಕೆಲವು ಸಾವಿರ ಸಂಖ್ಯೆಗಳು, ಹತ್ತಾರು ಕಿಲೋಬೈಟ್. ಆದ್ದರಿಂದ ಗೇಮ್‌ಗಳಿಗೆ ಸಾಲದ ಕಿರಿದಾದ ಸ್ಲಾಟ್ ಕೂಡ ಇಲ್ಲಿ ಸಾಕಾಗುತ್ತದೆ. ಮಾದರಿಯನ್ನು ಮೊದಲು ತುಂಬಿಸುವಾಗ ಮಾತ್ರ ಸ್ವಲ್ಪ ತಡ.

ವೇಗವನ್ನು ನಿರ್ಧರಿಸುವುದು ಮೆಮೊರಿಯಿಂದ ಓದುವ ವೇಗ, ಏಕೆಂದರೆ ಪ್ರತಿ ಟೋಕನ್‌ಗೂ ಇಡೀ ಮಾದರಿಯನ್ನು ಒಮ್ಮೆ ಓದಬೇಕು. ನಿಮ್ಮ ಬಳಿ 12 ಜಿಬಿಯ ಆರ್‌ಟಿಎಕ್ಸ್ 3060 ಇದೆ, ಅದರ ವೇಗ ಸೆಕೆಂಡಿಗೆ 360 ಜಿಬಿ. ಡಬ್ಬಿಯಲ್ಲಿ 2017ರ ಜಿಟಿಎಕ್ಸ್ 1080 ಟಿಐ ಇದೆ. ಅದಕ್ಕೆ 11 ಜಿಬಿ ಮೆಮೊರಿ, ವೇಗ 484 ಜಿಬಿ. ವಯಸ್ಸಾದ ಕಾರ್ಡಿನದೇ ಹೆಚ್ಚು, ಗಮನಿಸಿ! ಓಡಿಸಬೇಕಾದ ಮಾದರಿ 18 ಜಿಬಿ. 3060ರಲ್ಲಿ 10 ಜಿಬಿ ಕೂರಿಸಿ, ಉಳಿದ 8 ಜಿಬಿಯನ್ನು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಬಿಟ್ಟರೆ ಏನಾಗುತ್ತದೆ? ಎರಡು ಚಾನೆಲ್‌ನ ಡಿಡಿಆರ್4-3200 ರ‍್ಯಾಮ್‌ನ ವೇಗ ಸೆಕೆಂಡಿಗೆ 51.2 ಜಿಬಿ. 3060 ತನ್ನ ಪಾಲನ್ನು 28 ಮಿಲಿಸೆಕೆಂಡಿನಲ್ಲಿ ಓದಿ ಮುಗಿಸಿದರೆ ರ‍್ಯಾಮ್‌ಗೆ 156 ಬೇಕು. ಒಟ್ಟು 184, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಟೋಕನ್. ಅದೇ 8 ಜಿಬಿಯನ್ನು 1080 ಟಿಐಗೆ ಕೊಟ್ಟರೆ ಅದಕ್ಕೆ 17 ಮಿಲಿಸೆಕೆಂಡ್ ಸಾಕು. ಒಟ್ಟು 45, ಸೆಕೆಂಡಿಗೆ 22 ಟೋಕನ್. ವಾಸ್ತವದಲ್ಲಿ ಎರಡೂ ಅಂಕಿಗಳು ಇದಕ್ಕಿಂತ ಕಡಿಮೆಯೇ ಬರುತ್ತವೆ, ಇದು ಗರಿಷ್ಠ ಮಿತಿಯ ಲೆಕ್ಕ. ಆದರೆ ನಡುವಿನ ಅಂತರ ನಿಜ. ಕಾಯುತ್ತಾ ಕೂರುವುದಕ್ಕೂ ಓದುವ ವೇಗದಲ್ಲಿ ಉತ್ತರ ಬರುವುದಕ್ಕೂ ಇರುವ ಅಂತರ ಅದು.

ಇದೇ ಲೆಕ್ಕವನ್ನು ಚಿಕ್ಕ ಮಾದರಿಗೆ ಹಾಕಿದರೆ ಫಲ ತಿರುಗಿಬೀಳುತ್ತದೆ. 8 ಜಿಬಿಯ ಮಾದರಿ 3060 ಒಂದರಲ್ಲೇ ಹಿಡಿಯುತ್ತದೆ, ಟೋಕನ್‌ಗೆ 22 ಮಿಲಿಸೆಕೆಂಡ್. ಎರಡನೇ ಕಾರ್ಡ್ ಇದೆಯಲ್ಲ ಎಂದು ಅರ್ಧವನ್ನು ಸೆಕೆಂಡಿಗೆ 192 ಜಿಬಿ ಓದುವ ಜಿಟಿಎಕ್ಸ್ 1060ಗೆ ಕೊಟ್ಟರೆ 32 ಮಿಲಿಸೆಕೆಂಡ್. ಎರಡು ಕಾರ್ಡುಗಳೂ ಒಂದೇ ಹೊತ್ತಿಗೆ ದುಡಿಯುವುದಿಲ್ಲ, ಒಂದಾದ ಮೇಲೆ ಒಂದು ದುಡಿಯುತ್ತವೆ. ಹೀಗಾಗಿ ಹಳೆಯ ಕಾರ್ಡಿನಿಂದ ಸಿಗುವುದು ಜಾಗವೇ ಹೊರತು ವೇಗವಲ್ಲ. ಒಂದೇ ಕಾರ್ಡಿನಲ್ಲಿ ಹಿಡಿಯುವ ಮಾದರಿಯನ್ನು ಹಂಚಲು ಹೋಗಬೇಡಿ. ಭಾಷಾ ಮಾದರಿ ಓಡಿಸುವ ಲಾಮಾ.ಸಿಪಿಪಿಯಂಥ ತಂತ್ರಾಂಶದಲ್ಲಿ ಯಾವ ಕಾರ್ಡಿಗೆ ಎಷ್ಟು ಪಾಲು ಎಂದು ನೀವೇ ಹೇಳಬಹುದು. ಅದರ ವಲ್ಕನ್ (ಎಲ್ಲ ಕಂಪನಿಗಳ ಕಾರ್ಡಿನಲ್ಲೂ ನಡೆಯುವ ವ್ಯವಸ್ಥೆ) ಆವೃತ್ತಿಯಲ್ಲಿ ಎಎಂಡಿ, ಎನ್‌ವಿಡಿಯಾ ಕಾರ್ಡುಗಳನ್ನು ಬೆರೆಸಲೂಬಹುದು.

ಹಳೆಯ ಕಾರ್ಡಿನ ದೌರ್ಬಲ್ಯ ಕಾಣುವುದು ಉದ್ದನೆಯ ದಾಖಲೆ ಕೊಟ್ಟು ಪ್ರಶ್ನೆ ಕೇಳಿದಾಗ. ಓದಿಸುವ ಆ ಹಂತದಲ್ಲಿ ಮೆಮೊರಿಗಿಂತ ಲೆಕ್ಕ ಮಾಡುವ ಶಕ್ತಿ ಮುಖ್ಯ, 1080 ಟಿಐನಲ್ಲಿ ಇಂಥ ಲೆಕ್ಕಕ್ಕೆಂದೇ ಇರುವ ಟೆನ್ಸರ್ ಕೋರ್‌ಗಳಿಲ್ಲ. ಮೊದಲ ಪದ ಬರುವವರೆಗಿನ ಕಾಯುವಿಕೆ ಹೆಚ್ಚುತ್ತದೆ.

ರೆಂಡರಿಂಗ್‌ನಲ್ಲಿ ಎರಡು ಕಾರ್ಡುಗಳೂ ನಿಜವಾಗಿ ಒಟ್ಟಿಗೆ ದುಡಿಯುತ್ತವೆ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವ ಭಾಗವಾದ ಸೈಕಲ್ಸ್ ಪ್ರತಿ ಪಿಕ್ಸೆಲನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವುದರಿಂದ ಚಿತ್ರವನ್ನು ಪಾಲು ಮಾಡಿ ವೇಗದವನಿಗೆ ಹೆಚ್ಚು, ನಿಧಾನದವನಿಗೆ ಕಡಿಮೆ ಕೊಡಲು ಬರುತ್ತದೆ. ಹೊಸ ಕಾರ್ಡಿಗೆ 60 ಸೆಕೆಂಡ್, ಹಳೆಯದಕ್ಕೆ 180 ಸೆಕೆಂಡ್ ಬೇಕಾಗುವ ಚಿತ್ರವನ್ನು ಎರಡೂ ಸೇರಿ 45 ಸೆಕೆಂಡಿನಲ್ಲಿ ಮುಗಿಸಬಲ್ಲವು. ಸಮಯ ಕಾಲು ಭಾಗ ಉಳಿಯಿತು. ವಿದ್ಯುತ್ತಿನ ಲೆಕ್ಕವನ್ನೂ ನೋಡಿ: 170 ವಾಟ್‌ನ ಕಾರ್ಡ್ 60 ಸೆಕೆಂಡ್ ಓಡುವುದಕ್ಕೂ, 170 ಮತ್ತು 250 ವಾಟ್‌ನ ಎರಡು ಕಾರ್ಡುಗಳು 45 ಸೆಕೆಂಡ್ ಓಡುವುದಕ್ಕೂ ಹೋಲಿಸಿದರೆ ಎರಡನೆಯದಕ್ಕೆ ಸುಮಾರು 1.85 ಪಟ್ಟು ವಿದ್ಯುತ್ ಬೇಕು. ನಾಳೆ ಬೆಳಿಗ್ಗೆ ಕೊಡಬೇಕಾದ ಕೆಲಸವಿದ್ದರೆ ಇದು ಒಪ್ಪುವ ಬೆಲೆ. ರಾತ್ರಿಯಿಡೀ ಹೇಗೂ ಓಡಲಿ ಬಿಡು ಎನ್ನುವವರಿಗೆ ಅಲ್ಲ. ದೃಶ್ಯದ ಪ್ರತಿ ಎರಡೂ ಕಾರ್ಡುಗಳಲ್ಲಿ ಇರಬೇಕಾದ್ದರಿಂದ 4 ಜಿಬಿಯ ಹಳೆಯ ಕಾರ್ಡ್ ದೊಡ್ಡ ದೃಶ್ಯಗಳಿಗೆ ಸಹಾಯಕ್ಕಿಂತ ತೊಡಕೇ ಹೆಚ್ಚು. ಇನ್ನು 2021ರ ಬ್ಲೆಂಡರ್ 3.0ರಿಂದ ಓಪನ್‌ಸಿಎಲ್ (ಎಎಂಡಿ ಕಾರ್ಡುಗಳಲ್ಲಿ ಲೆಕ್ಕ ಮಾಡಿಸುತ್ತಿದ್ದ ವ್ಯವಸ್ಥೆ) ಬೆಂಬಲ ಹೋಗಿರುವುದರಿಂದ ಎಎಂಡಿಯ ಬಹಳ ಹಳೆಯ ಕಾರ್ಡುಗಳನ್ನು ಸೈಕಲ್ಸ್ ಬಳಸುವುದೇ ಇಲ್ಲ.

ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಾ ವರ್ಚುವಲ್ ಮಷೀನಿನಲ್ಲಿ ವಿಂಡೋಸ್ ಓಡಿಸುವವರಿಗೆ ಎರಡನೇ ಕಾರ್ಡ್ ವರದಾನ. ಹಳೆಯದು ಲಿನಕ್ಸ್‌ನ ಪರದೆ ನೋಡಿಕೊಳ್ಳುತ್ತದೆ, ಹೊಸದನ್ನು ಪೂರ್ತಿಯಾಗಿ ವಿಂಡೋಸ್‌ಗೆ ಒಪ್ಪಿಸಬಹುದು. ಹೆಚ್ಚು ಮಾನಿಟರ್ ಬೇಕೆಂದು ಹಾಕುವವರು ಮೊದಲು ಹೊಸ ಕಾರ್ಡಿನ ಹಿಂಬದಿ ನೋಡಲಿ, ಸಾಮಾನ್ಯವಾಗಿ ಅದೊಂದೇ ನಾಲ್ಕು ಪರದೆಗಳನ್ನು ನಡೆಸುತ್ತದೆ. ಸ್ಟ್ರೀಮಿಂಗ್‌ಗಾಗಿಯೂ ಬೇಡ. ವಿಡಿಯೋ ಎನ್‌ಕೋಡ್ ಮಾಡಲು ಹೊಸ ಕಾರ್ಡಿನೊಳಗೇ ಪ್ರತ್ಯೇಕ ಭಾಗವಿದೆ, ಹಳೆಯದರದ್ದಕ್ಕಿಂತ ಅದರ ಗುಣಮಟ್ಟ ಉತ್ತಮ.

ಹಾಕುವ ಮುನ್ನ ನೋಡಬೇಕಾದ್ದು

ಡ್ರೈವರ್‌ನ ತೊಂದರೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಬಹಳಷ್ಟು ಜನ ಇದನ್ನು ಕೊನೆಗೆ ಕಂಡುಕೊಂಡು ನಿರಾಶರಾಗುತ್ತಾರೆ. ಎರಡೂ ಎನ್‌ವಿಡಿಯಾ ಕಾರ್ಡುಗಳಾದರೆ ಎರಡಕ್ಕೂ ಸೇರಿ ಒಂದೇ ಡ್ರೈವರ್ ಎಂದುಕೊಂಡು ಲೆಕ್ಕ ಹಾಕಿ. ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ 580 ಸಂಖ್ಯೆಯ ಡ್ರೈವರ್ ಶಾಖೆಯೇ ಕೊನೆ. 2025ರ ಅಕ್ಟೋಬರ್ ನಂತರ ಅವುಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಇಲ್ಲ, 2028ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳು ಮಾತ್ರ. ಅಂದರೆ ಹಳೆಯದನ್ನು ಇಟ್ಟುಕೊಳ್ಳಬೇಕಾದರೆ ಹೊಸ ಕಾರ್ಡನ್ನೂ 580ರಲ್ಲೇ ನಿಲ್ಲಿಸಬೇಕು. ಜಿಟಿಎಕ್ಸ್ 780ರಂಥವು 470ರ ಶಾಖೆಗೇ ನಿಂತುಹೋಗಿವೆ. ಆರ್‌ಟಿಎಕ್ಸ್ 40 ಸರಣಿಗೆ ಅದಕ್ಕಿಂತ ಹೊಸ ಡ್ರೈವರೇ ಬೇಕಾದ್ದರಿಂದ ಅವೆರಡು ನೆಮ್ಮದಿಯಾಗಿ ಒಟ್ಟಿಗೆ ಬಾಳುವುದಿಲ್ಲ. ಕುಡಾ 13 ಕೂಡ 900 ಮತ್ತು 1000 ಸರಣಿಗಳನ್ನು ಬಿಟ್ಟಿದೆ, ಭಾಷಾ ಮಾದರಿ ಓಡಿಸುವವರು ಕುಡಾ 12ಕ್ಕೆ ಕಟ್ಟಿದ ಪ್ಯಾಕೇಜನ್ನೇ ಇಳಿಸಿಕೊಳ್ಳಬೇಕು. ಕಂಪನಿಗಳು ಬೇರೆಯಾದರೆ ಈ ಜಗಳವಿಲ್ಲ, ಪ್ರತಿಯೊಂದಕ್ಕೂ ಅದರದರ ಡ್ರೈವರ್ ಇರುತ್ತದೆ.

ಸ್ಲಾಟ್ ಉದ್ದವಿದ್ದ ಮಾತ್ರಕ್ಕೆ ಅದರಲ್ಲಿ 16 ಲೇನ್ ಇರಬೇಕೆಂದಿಲ್ಲ. ಮನೆಬಳಕೆಯ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಸಾಮಾನ್ಯವಾಗಿ 16 ಲೇನ್ ಕೊಡುತ್ತವೆ. ಕೆಲವು ಬೋರ್ಡ್‌ಗಳು ಎರಡನೇ ಕಾರ್ಡ್ ಕಂಡಾಗ ಅದನ್ನು ಎಂಟೆಂಟಾಗಿ ಒಡೆಯುತ್ತವೆ, ಹಲವು ಬೋರ್ಡ್‌ಗಳಲ್ಲಿ ಎರಡನೇ ಸ್ಲಾಟ್ ಚಿಪ್‌ಸೆಟ್‌ನಿಂದ ಬರುವ ನಾಲ್ಕು ಲೇನಿನದು. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಇರುತ್ತದೆ. ಎಂ.2 ಎಸ್‌ಎಸ್‌ಡಿ ಹಾಕಿದರೆ ಆ ಸ್ಲಾಟ್ ಮುಚ್ಚಿಹೋಗುವ ಬೋರ್ಡ್‌ಗಳೂ ಇವೆ.

ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸ್ಲಾಟ್‌ನಿಂದ ಕಾರ್ಡಿಗೆ ಸಿಗುವುದು 75 ವಾಟ್, 6 ಪಿನ್ ಕೇಬಲ್‌ನಿಂದ ಇನ್ನೊಂದು 75, 8 ಪಿನ್‌ನಿಂದ 150. 170 ವಾಟ್‌ನ ಹೊಸ ಕಾರ್ಡ್, 250ರ ಹಳೆಯದು, 125ರ ಪ್ರೊಸೆಸರ್, ಉಳಿದದ್ದಕ್ಕೆ ಒಂದು 60 ಎಂದರೆ 600 ದಾಟಿತು. ಕ್ಷಣಿಕ ಏರಿಕೆಗಳನ್ನು ತಾಳಿಕೊಳ್ಳಲು ಒಳ್ಳೆಯ ಗುಣಮಟ್ಟದ 750 ವಾಟ್‌ಗಿಂತ ಕಡಿಮೆ ಇರುವುದಕ್ಕೆ ನಾನು ಒಪ್ಪುವುದಿಲ್ಲ. ಕೇಬಲ್ ಸಾಲದೆಂದು ಸಾಟಾ ಕನೆಕ್ಟರ್‌ನಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಹಾಕಬೇಡಿ. ಅಷ್ಟು ಕರೆಂಟಿಗೆ ಅದು ಮಾಡಿದ್ದಲ್ಲ, ಕರಗಿ ಹೊತ್ತಿಕೊಳ್ಳಬಹುದು. ಕೆಲಸವಿಲ್ಲದೆ ಕೂತ ಕಾರ್ಡ್ ಕೂಡ 15 ವಾಟ್ ಎಳೆಯುತ್ತದೆ ಎಂದರೆ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ ಸುಮಾರು 44 ಯೂನಿಟ್. ಎರಡು ಕಾರ್ಡುಗಳ ನಡುವೆ ಒಂದು ಸ್ಲಾಟಿನಷ್ಟಾದರೂ ಬಿಡುವು ಇರಲಿ, ಇಲ್ಲದಿದ್ದರೆ ಕೆಳಗಿನದರ ಬಿಸಿಗಾಳಿಯನ್ನೇ ಮೇಲಿನ ಕಾರ್ಡಿನ ಫ್ಯಾನ್ ಎಳೆದುಕೊಳ್ಳುತ್ತದೆ, ಬಿಸಿಯಾದ ಹೊಸ ಕಾರ್ಡ್ ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ.

ಹಳೆಯದು ಈಗಾಗಲೇ ಕೈಯಲ್ಲಿದ್ದು, ಎಸ್‌ಎಂಪಿಎಸ್ ತಾಳುವಂತಿದ್ದು, ನಿಮ್ಮ ಕೆಲಸ ಮೇಲೆ ಹೇಳಿದ ಪಾಲಾಗುವ ಬಗೆಯದಾಗಿದ್ದರೆ ಧೈರ್ಯವಾಗಿ ಹಾಕಿ. ಅದಕ್ಕಾಗಿ ಹೊಸ ಎಸ್‌ಎಂಪಿಎಸ್, ದೊಡ್ಡ ಕ್ಯಾಬಿನೆಟ್, ಬೇರೆ ಬೋರ್ಡ್ ಕೊಳ್ಳಬೇಕಾದರೆ ಎರಡೂ ಕಾರ್ಡುಗಳನ್ನು ಮಾರಿ ಆ ಹಣವನ್ನೂ ಸೇರಿಸಿ ಹೆಚ್ಚು ಮೆಮೊರಿಯ ಒಂದೇ ಕಾರ್ಡ್ ಕೊಳ್ಳುವುದೇ ನನ್ನ ಸಲಹೆ. ಹಾಕುವುದೆಂದು ತೀರ್ಮಾನಿಸಿದರೆ ಹೊಸದನ್ನು ತೆಗೆದಿಟ್ಟು ಮೊದಲು ಹಳೆಯದೊಂದನ್ನೇ ಮೇಲಿನ ಸ್ಲಾಟಿನಲ್ಲಿ ಕೂರಿಸಿ, ಒಂದು ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾರ್ಡಿನ ಥರ್ಮಲ್ ಪೇಸ್ಟ್ ಒಣಗಿರುವುದು ಸಾಮಾನ್ಯ. ಬಿಸಿ ಮಿತಿ ಮೀರುತ್ತಿದ್ದರೆ ಅಥವಾ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಬಂದರೆ ದೋಷ ಯಾವ ಕಾರ್ಡಿನದು ಎಂದು ಆಗಲೇ ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದ ಮೇಲೆ ಅದನ್ನು ಹುಡುಕುವುದು ಬಹಳ ಕಷ್ಟ.